ಫಡೆಪ್ಪ ಚೌಗುಲೆಯವರ ಓಟ: ಒಂದು ವಿಮರ್ಶೆ

ಗಾಯಕನೊಬ್ಬನ ಸಾಧನೆಯನ್ನು ತೂಗಿ ನೋಡಬೇಕೆಂಬ ವಿಮರ್ಶಕನಿಗೆ, ಅವನು ಗತಿಸಿ ಎಷ್ಟು ಕಾಲವಾಗಿದ್ದರೂ, ಏನಾದರೊಂದು ಆಧಾರ ದೊರೆತೇ ದೊರೆಯುತ್ತದೆ. ಮಿರಜವನ್ನು ತಮ್ಮ ಊರನ್ನಾಗಿ ಮಾಡಿಕೊಂಡು, ಇಲ್ಲಿಯ ಮೀರಾಸಾಹೇಬರ ದರ್ಗಾದ ಆವರಣದಲ್ಲಿಯೇ ಚಿರನಿದ್ರೆಗೆ ಸಂದ ಅಬ್ದುಲ್ ಕರೀಮಖಾನರ ಕಂಠವು 1937ರಲ್ಲಿ ನಿಂತುಹೋದರೂ ಅವರ ಗ್ರಾಮಫೋನ್ ಪ್ಲೇಟುಗಳು ಇಂದಿಗೂ ಹಾಡುತ್ತಿವೆ. ಕುಸ್ತಿಯ ಪೈಲವಾನನಿಗೆ ಜನದ ನಾಲಗೆಯ ಬೆಂಬಲವುಂಟು. ಯಾವ ಮೈದಾನದಲ್ಲಿ ಯಾರನ್ನು ಯಾವ ಪಟ್ಟಿನಿಂದ ಚಿತ್ ಮಾಡಿದನೆಂಬುದನ್ನು ಗರಡಿಯ ವಸ್ತಾದರು ತಲೆಮಾರಿನಿಂದ ತಲೆಮಾರಿಗೆ ಹೇಳಿಕೊಂಡು ಬರುತ್ತಾರೆ. ದೀರ್ಘದೂರದ ಓಟಗಾರನಿಗೆ ಈ ಎರಡು ಭಾಗ್ಯಗಳೂ ಇಲ್ಲ. ಅವನ ಕೃತಿಯು ಮುಗಿದ ಕ್ಷಣದಲ್ಲಿಯೇ ಇಲ್ಲವಾಗುತ್ತದೆ. ಉಳಿಯುವುದು, ಅಳತೆಯಾದ ದಾರಿಯೊಂದೂ ಗಡಿಯಾರ ಹಿಡಿದ ಮನುಷ್ಯನೊಬ್ಬನೂ ಅಲ್ಲಿದ್ದ ಪಕ್ಷದಲ್ಲಿ, ಒಂದು ಅಂಕೆ ಮಾತ್ರ.

ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆಯವರನ್ನು ಕುರಿತು ಬರೆಯಹೊರಟವನ ಮುಂದೆ ಗಟ್ಟಿಯಾಗಿ ನಿಲ್ಲುವುದು ಅಂಥದೊಂದು ಪಂಕ್ತಿ: 1920ರ ಆಗಸ್ಟ್ 22, ಆಂಟ್‌ವರ್ಪ್ ಒಲಿಂಪಿಕ್ ಕೂಟ, ಮ್ಯಾರಥಾನ್, 19ನೆಯ ಸ್ಥಾನ, 2 ಗಂಟೆ 50 ನಿಮಿಷ 45 ಸೆಕೆಂಡು. ಈ ಪಂಕ್ತಿಯನ್ನು ನಮ್ಮವರು ಎರಡು ಬಗೆಯಾಗಿ ಓದುತ್ತ ಬಂದಿದ್ದಾರೆ. ಒಲಿಂಪಿಕ್ ಕೂಟಕ್ಕೆ ಭಾರತವು ಕಳುಹಿಸಿದ ಮೊದಲ ತಂಡದಲ್ಲಿ ಅವರಿದ್ದರೆಂಬ ಅಭಿಮಾನದ ಓದು ಒಂದು. ಬರಿಗಾಲಿನಲ್ಲಿ ಓಡಿ ಬೆಳೆದವನೊಬ್ಬನು ಸಮುದ್ರವನ್ನು ದಾಟಿ ಹೋದನೆಂಬ ಕೌತುಕದ ಓದು ಇನ್ನೊಂದು. ಎರಡರಲ್ಲಿಯೂ ಸತ್ಯಾಂಶವಿದೆ. ಆದರೆ ಓಟವನ್ನು ಓಟವೆಂದೇ ಭಾವಿಸಿ, ಅದರ ಗುಣಾವಗುಣಗಳನ್ನು ಪರೀಕ್ಷಿಸುವ ಮೂರನೆಯ ಓದು ನಡೆಯಬೇಕಾದಷ್ಟು ನಡೆದಿಲ್ಲ. ಮತ್ತು ಚೌಗುಲೆಯವರಿಗೆ ಸಲ್ಲಬೇಕಾದ ನಿಜವಾದ ಗೌರವವು ಆ ಮೂರನೆಯ ಓದಿನಲ್ಲಿಯೇ ಇದೆಯೆಂದು ನಾನು ನಂಬಿದ್ದೇನೆ.

ಮಿರಜದಲ್ಲಿ ಕುಳಿತು ಬೆಳಗಾವಿಯವರನ್ನು ಕುರಿತು ಬರೆಯುವುದು ಪರರ ಸೊತ್ತಿಗೆ ಕೈಯಿಕ್ಕಿದಂತೆ ಆಗಲಾರದು. ಬೆಳಗಾವಿಗೆ ಅಂಟಿಕೊಂಡೇ ಇರುವ ಶಹಾಪುರವು ಸ್ವಾತಂತ್ರ್ಯ ಬರುವವರೆಗೂ ಸಾಂಗಲಿ ಸಂಸ್ಥಾನದ ಪೇಟೆಯಾಗಿತ್ತು. ತೇರದಾಳ, ಶಿರಹಟ್ಟಿಗಳಿಗೂ ಸಾಂಗಲಿಯ ಪಟವರ್ಧನರೇ ಒಡೆಯರಾಗಿದ್ದರು. ದರೆಪ್ಪ, ಫಡೆಪ್ಪ ಎಂಬಂಥ ಹೆಸರುಗಳು ಜತ್ತದಿಂದ ಅಥಣಿಯವರೆಗೆ, ಅಲ್ಲಿಂದ ಬೆಳಗಾವಿಯವರೆಗೆ ಒಂದೇ ರೂಪದಲ್ಲಿ ಕೇಳಿಬರುತ್ತವೆ. ಬೆಳಗಾವಿಯಿಂದ ಪುಣೆಗೆ ಹೋಗುವ ಮೀಟರ್ ಗೇಜ್ ರೈಲು ಮಿರಜ ಜಂಕ್ಷನ್ನನ್ನು ಹಾದೇ ಹೋಗುತ್ತಿತ್ತಾದುದರಿಂದ, ಚೌಗುಲೆಯವರನ್ನು ಅವರ ಭವಿಷ್ಯದ ಕಡೆಗೆ ಒಯ್ದ ಹಳಿಯೂ ನಮ್ಮ ಊರಿನದೇ ಇರಬೇಕು.

ಆ ಭವಿಷ್ಯವು ರೂಪುಗೊಂಡುದು ಪುಣೆಯ ಡೆಕ್ಕನ್ ಜಿಮಖಾನಾದಲ್ಲಿ. 1919ರಲ್ಲಿ ಅದರ ಅಧ್ಯಕ್ಷರಾಗಿದ್ದ ದೊರಾಬ್ಜಿ ಟಾಟಾ ಅವರು ಅಲ್ಲಿಯ ಕ್ರೀಡಾಕೂಟವನ್ನು ಕಂಡು, ಹೊಲಗಳಲ್ಲಿ ದುಡಿದು, ಸಾಮಾನ್ಯವಾದ ಅನ್ನವನ್ನುಂಡು ಬದುಕುವ ತರುಣರು ಒರಟು ನೆಲದ ಮೇಲೆ ಬರಿಗಾಲಿನಲ್ಲಿ ಓಡಿ, ಯುರೋಪಿನ ಶಿಕ್ಷಿತ ಓಟಗಾರರ ಕಾಲಪ್ರಮಾಣಕ್ಕೆ ಸಮೀಪವಾದ ಕಾಲದಲ್ಲಿ ಗುರಿಯನ್ನು ಮುಟ್ಟುತ್ತಿರುವುದನ್ನು ಗಮನಿಸಿದರು. ಅಂದು ಮ್ಯಾರಥಾನ್ ಎಂಬ ಹೆಸರಿನಿಂದ ಅಲ್ಲಿ ನಡೆಯುತ್ತಿದ್ದ ಓಟಗಳ ದೂರವು ಹತ್ತು ಮೈಲಿಯೂ ಇರಬಹುದಾಗಿತ್ತು, ಇಪ್ಪತ್ತೈದು ಮೈಲಿಯೂ ಇರಬಹುದಾಗಿತ್ತು. ಓಟದ ನಿಯಮಗಳು ವ್ಯವಸ್ಥಾಪಕರಿಗೇ ಅಪರಿಚಿತವಾಗಿದ್ದವು. ಮುಂಬಯಿಯ ಗವರ್ನರ್ ಜಾರ್ಜ್ ಲಾಯ್ಡ್ ಅವರ ಪ್ರೋತ್ಸಾಹ, ಟಾಟಾ ಅವರ ಧನಸಹಾಯ ಇವೆರಡೂ ಕೂಡಿದುದರ ಫಲವಾಗಿ ಆರು ಮಂದಿಯ ತಂಡವೊಂದು ಮರುವರ್ಷ ಆಂಟ್‌ವರ್ಪಿಗೆ ಹೊರಟಿತು. ಅವರಲ್ಲಿ ಇಬ್ಬರು ಕುಸ್ತಿಪಟುಗಳು. ಉಳಿದ ನಾಲ್ವರು ಓಟಗಾರರು, ಬಂಗಾಳದ ಪೂರ್ಮಾ ಬ್ಯಾನರ್ಜಿ, ಸದಾಶಿವ ದಾತಾರ, ಹುಬ್ಬಳ್ಳಿಯ ಕೈಕಾಡಿ ಮತ್ತು ಬೆಳಗಾವಿಯ ಚೌಗುಲೆ. ನಾಲ್ವರಲ್ಲಿ ಇಬ್ಬರು ಕನ್ನಡ ಜಿಲ್ಲೆಗಳವರೆಂಬುದು ನಾವು ಮರೆತಿರುವ ಸಂಗತಿಗಳಲ್ಲಿ ಒಂದು.

ಇನ್ನು ಆ ಓಟ. ಮಹಾಯುದ್ಧದಲ್ಲಿ ನುಚ್ಚುನೂರಾದ ಬೆಲ್ಜಿಯಮ್ಮಿಗೆ ಸಮಾಧಾನದ ರೂಪದಲ್ಲಿ ಕೊಡಲಾದ ಕೂಟವದು. ಮ್ಯಾರಥಾನಿನ ದೂರವು 42.195 ಕಿಲೋಮೀಟರ್ ಎಂದು ಸ್ಥಿರವಾದುದು ಅದರ ಮರುವರ್ಷ, 1921ರಲ್ಲಿ. ಆದುದರಿಂದ ಆಂಟ್‌ವರ್ಪಿನವರು ತಮಗೆ ಒದಗಿದ ದಾರಿಯನ್ನು ಅಳೆದು 42.75 ಕಿಲೋಮೀಟರಿನ ಓಟವನ್ನು ಏರ್ಪಡಿಸಿದರು. ಒಲಿಂಪಿಕ್ ಇತಿಹಾಸದಲ್ಲಿ ಇದಕ್ಕಿಂತ ಉದ್ದವಾದ ಮ್ಯಾರಥಾನ್ ಇನ್ನೊಂದಿಲ್ಲ. ಅಂದು ಆಗಸದಲ್ಲಿ ಮೋಡ ಕವಿದು ತುಂತುರು ಮಳೆ ಬೀಳುತ್ತಿತ್ತು, ಗಾಳಿ ತಣ್ಣಗಿತ್ತು. ಪರದೇಶದ ಹವೆಯು ನಮ್ಮ ಓಟಗಾರನನ್ನು ಕಂಗೆಡಿಸಿರಬೇಕೆಂದು ಊಹಿಸುವುದು ಸುಲಭ; ಆದರೆ ಆಗಸ್ಟ್ ತಿಂಗಳಿನ ಬೆಳಗಾವಿಯನ್ನು ಬಲ್ಲವರು, ದಿನಗಟ್ಟಲೆ ಬಿಡದೆ ಸುರಿಯುವ ಅಲ್ಲಿಯ ಜಿಟಿಜಿಟಿ ಮಳೆಯನ್ನೂ, ಮಧ್ಯಾಹ್ನದಲ್ಲಿಯೂ ಕಂಬಳಿ ಬೇಡುವ ಅಲ್ಲಿಯ ಥಂಡಿಯನ್ನೂ ನೆನೆದು, ಆ ತಂಡದ ಓಟಗಾರರಲ್ಲಿ ಅಂದಿನ ಹವೆ ಒಗ್ಗಬಹುದಾಗಿದ್ದವನು ಯಾರಾದರೂ ಇದ್ದರೆ ಅದು ಚೌಗುಲೆಯವರೇ ಎಂಬುದನ್ನು ಒಪ್ಪಿಯಾರು.

ಮುಂದಿನ ಸಾಲಿನಲ್ಲಿ ಫಿನ್ಲೆಂಡಿನ ಹಾನೆಸ್ ಕೊಲೆಮೈನನ್ ಇದ್ದನು. 1912ರ ಸ್ಟಾಕ್‌ಹೋಮ್ ಕೂಟದಲ್ಲಿ ಮೂರು ಸುವರ್ಣಪದಕಗಳನ್ನು ಗೆದ್ದಿದ್ದ, ದೂರದ ಓಟವನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದ್ದ ಆ ಪ್ರೌಢನು 2 ಗಂಟೆ 32 ನಿಮಿಷ 35 ಸೆಕೆಂಡುಗಳಲ್ಲಿ ಮೊದಲಿಗನಾದನು. ಎಸ್ಟೋನಿಯಾದ ಯೂರಿ ಲೋಸ್‌ಮನ್ ಅವನಿಗಿಂತ ಹದಿಮೂರು ಸೆಕೆಂಡು ಮಾತ್ರ ಹಿಂದೆ ಬಂದನು. ಸ್ಟಾಕ್‌ಹೋಮಿನಲ್ಲಿ ರಜತಪದಕ ಪಡೆದಿದ್ದ ದಕ್ಷಿಣ ಆಫ್ರಿಕದ ಗಿಟ್‌ಶಾಮ್, ಮುಂಚೂಣಿಯಲ್ಲಿ ಕೊಲೆಮೈನನ್ನನಿಗೆ ಜೊತೆಯಾಗಿ ಓಡಿದವನು, ಓಟವನ್ನು ಪೂರೈಸಲಾರದೆ ಹೋದನು. ನಮ್ಮ ದಾತಾರರೂ ಪೂರೈಸಲಿಲ್ಲ. ಅಂಥ ದಾರಿಯನ್ನು ಮೊದಲ ಬಾರಿಗೆ ಕಂಡ ಚೌಗುಲೆಯವರು ಪೂರೈಸಿದರು. ಪೂರೈಸಿದುದಷ್ಟೇ ಅಲ್ಲ, ಮೊದಲ ಇಪ್ಪತ್ತು ಮಂದಿಯೊಳಗೆ ಬಂದರು.

ಅಂಕೆಯನ್ನು ಸ್ವಲ್ಪ ಬಿಡಿಸಿ ನೋಡೋಣ. ಅವರು ತೆಗೆದುಕೊಂಡ ಕಾಲವನ್ನು 42.75 ಕಿಲೋಮೀಟರಿನಿಂದ ಭಾಗಿಸಿದರೆ, ಒಂದೊಂದು ಕಿಲೋಮೀಟರಿಗೆ ನಾಲ್ಕು ನಿಮಿಷಕ್ಕಿಂತ ಒಂದು ಕೂದಲೆಳೆಯಷ್ಟು ಕಡಮೆ ಬೀಳುತ್ತದೆ. ಇಂದು ನಿಯತವಾಗಿರುವ ದೂರಕ್ಕೆ ಅದೇ ವೇಗವನ್ನು ಅನ್ವಯಿಸಿದಲ್ಲಿ 2 ಗಂಟೆ 48 ನಿಮಿಷ ಚಿಲ್ಲರೆಯಾಗುತ್ತದೆ. ಮೂವತ್ತೆರಡು ವರ್ಷಗಳ ತರುವಾಯ, 1952ರ ಹೆಲ್ಸಿಂಕಿಯಲ್ಲಿ, ಸ್ವತಂತ್ರ ಭಾರತದ ಪರವಾಗಿ ಓಡಿದ ಸೂರತ್‌ಸಿಂಗ್ ಮಾಥುರ್ ಅವರು ತೆಗೆದುಕೊಂಡ ಕಾಲ 2 ಗಂಟೆ 58 ನಿಮಿಷ 9 ಸೆಕೆಂಡು. ಗೆದ್ದ ಜಾಟೊಪೆಕ್‌ನಿಗೂ ಅವರಿಗೂ ಇದ್ದ ಅಂತರ ಮೂವತ್ತೈದು ನಿಮಿಷ. ಚೌಗುಲೆಯವರಿಗೂ ಕೊಲೆಮೈನನ್ನನಿಗೂ ಇದ್ದ ಅಂತರ ಹದಿನೆಂಟು ನಿಮಿಷ. ಮಾಥುರರ ಸಾಹಸವನ್ನು ಕುಗ್ಗಿಸುವುದಕ್ಕಾಗಿ ಈ ಮಾತನ್ನಾಡುತ್ತಿಲ್ಲ. ಒಲಿಂಪಿಕ್ ಮ್ಯಾರಥಾನನ್ನು ಪೂರೈಸಿದ ಮೊದಲ ಭಾರತೀಯರು ಅವರೆಂದು ಕೆಲವರು ಹೇಳುವಾಗ 1947ಕ್ಕೆ ಮೊದಲಿನ ಭಾರತವನ್ನೇ ಲೆಕ್ಕದಿಂದ ಕಳೆದುಬಿಡುತ್ತಾರೆಂಬುದು ನನ್ನ ಆಕ್ಷೇಪ. ಹತ್ತೊಂಬತ್ತನೆಯದಕ್ಕಿಂತ ಮೇಲಣ ಸ್ಥಾನವನ್ನು ಈ ಓಟದಲ್ಲಿ ಭಾರತೀಯನೊಬ್ಬನು ಪಡೆದುದು 1976ರಲ್ಲಿ, ಮಾಂಟ್ರಿಯಲ್‌ನಲ್ಲಿ ಶಿವನಾಥಸಿಂಗರು ಹನ್ನೊಂದನೆಯವರಾಗಿ ಬಂದಾಗ. ಐವತ್ತಾರು ವರ್ಷ ಅಳಿಸದೆ ನಿಂತ ಸ್ಥಾನವನ್ನು ‘ಭಾಗವಹಿಸಿದರು’ ಎಂಬ ಒಂದು ಕ್ರಿಯಾಪದದಲ್ಲಿ ಮುಗಿಸಿಬಿಡುವುದು ವಿಮರ್ಶೆಯ ದಾರಿದ್ರ್ಯವೇ ಸರಿ.

ದೋಷವನ್ನೂ ಹೇಳಬೇಕು. ಹದಿನೆಂಟು ನಿಮಿಷವೆಂದರೆ ದೀರ್ಘದೂರದ ಓಟದಲ್ಲಿ ಅಲ್ಪವಾದ ಅಂತರವಲ್ಲ. ಕೊಲೆಮೈನನ್ ಗುರಿಯನ್ನು ಮುಟ್ಟಿದಾಗ ಚೌಗುಲೆಯವರ ಮುಂದೆ ನಾಲ್ಕೂವರೆ ಕಿಲೋಮೀಟರಿನಷ್ಟು ದಾರಿ ಇನ್ನೂ ಉಳಿದಿತ್ತು. ಈ ಕೊರತೆಯು ಕಾಲಿನದೆಂದಾಗಲಿ ಉಸಿರಿನದೆಂದಾಗಲಿ ನನಗೆ ತೋರುವುದಿಲ್ಲ. ವೇಗವನ್ನು ದೂರದುದ್ದಕ್ಕೂ ಹಂಚಿಕೊಳ್ಳುವ ವಿವೇಕವು ಅದೇ ದೂರವನ್ನು ಮತ್ತೆ ಮತ್ತೆ, ತನಗಿಂತ ಬಲಶಾಲಿಗಳ ಜೊತೆಯಲ್ಲಿ ಓಡಿದವನಿಗೆ ಮಾತ್ರ ಬರುವಂಥದು; ಹತ್ತು ಮೈಲಿಗೂ ಇಪ್ಪತ್ತೈದು ಮೈಲಿಗೂ ಒಂದೇ ಹೆಸರಿದ್ದ ನೆಲದಿಂದ ಬಂದವನಿಗೆ ಅದನ್ನು ಕಲಿಸುವವರು ಯಾರಿದ್ದರು? ಕೂಟಕ್ಕೆ ಮೊದಲು ಇಂಗ್ಲೆಂಡಿನಲ್ಲಿ ದೊರೆತ ಕೆಲವು ವಾರಗಳ ಶಿಕ್ಷಣವು ವರ್ಷಗಳ ಕೆಲಸವನ್ನು ಮಾಡಲಾರದು.

ಬರಿಗಾಲನ್ನು ಕುರಿತು ಒಂದು ಮಾತು. ಅದನ್ನು ಹಾಡಿ ಹೊಗಳುವ ಅಭ್ಯಾಸವು ನಮ್ಮಲ್ಲಿ ಬೇರೂರಿದೆ. ಬೂಟು ಇಲ್ಲದುದು ಸದ್ಗುಣವಲ್ಲ, ಸಂದರ್ಭ. ಟಾಟಾ ಅವರೂ ಬರಿಗಾಲನ್ನು ಮೆಚ್ಚಲಿಲ್ಲ, ಬರಿಗಾಲಿನಲ್ಲಿ ಓಡಿಯೂ ಇಷ್ಟು ಕಡಮೆ ಕಾಲದಲ್ಲಿ ಮುಟ್ಟಿದವರನ್ನು ಮೆಚ್ಚಿದರು. ಈ ಭೇದವನ್ನು ಮರೆತಾಗ ಓಟಗಾರನ ಬಡತನವೇ ನಮಗೆ ಪ್ರಿಯವಾಗಿ, ಅವನ ಓಟವು ಹಿಂದೆ ಸರಿಯುತ್ತದೆ.

ಟಾಟಾ ಅವರ ಉದ್ಯಮವನ್ನೂ ಇದೇ ತೂಕದಿಂದ ತೂಗುವುದು ನ್ಯಾಯ. ಹೊಲದಲ್ಲಿದ್ದವರನ್ನು ಗುರುತಿಸಿದ ಕಣ್ಣು ಅವರದು, ಅದಕ್ಕಾಗಿ ದೇಶವು ಅವರಿಗೆ ಋಣಿ. ಭಾರತೀಯ ಒಲಿಂಪಿಕ್ ಸಂಸ್ಥೆಗೆ ಅಡಿಪಾಯ ಬಿದ್ದುದೂ ಅವರಿಂದಲೇ. ಆದರೆ ಒಬ್ಬ ಓಟಗಾರನು ಮುಂದಣ ನಾಲ್ಕು ವರ್ಷ ಏನನ್ನುಂಡು, ಯಾರ ಕೈಕೆಳಗೆ, ಯಾವ ದಾರಿಯಲ್ಲಿ ಅಭ್ಯಾಸ ಮಾಡಬೇಕೆಂಬ ಪ್ರಶ್ನೆಗೆ ಆ ಕಾಲದ ಯಾವ ಸಂಸ್ಥೆಯೂ ಉತ್ತರವನ್ನು ಕಟ್ಟಿಕೊಡಲಿಲ್ಲ. ಕುಸ್ತಿಯ ವಿಷಯದಲ್ಲಿ ಹಾಗಾಗಲಿಲ್ಲ. ಅದೇ ತಂಡದ ರಣಧೀರ ಶಿಂದೆಯವರು ಆಂಟ್‌ವರ್ಪಿನಲ್ಲಿ ನಾಲ್ಕನೆಯ ಸ್ಥಾನ ಪಡೆದರು. ಕರಾಡದ ಮಗ್ಗುಲಿನ ಗೋಳೇಶ್ವರದ ಖಾಶಾಬಾ ಜಾಧವರು 1952ರಲ್ಲಿ ಕಂಚಿನ ಪದಕವನ್ನು ತಂದರು. ಸಾಂಗಲಿಯ ಹತ್ತಿರದ ಕವಠೆಪಿರಾನದ ಮಾರುತಿ ಮಾನೆಯವರು 1962ರ ಏಷ್ಯನ್ ಕೂಟದಲ್ಲಿ ಸುವರ್ಣವನ್ನೇ ಗೆದ್ದರು. ರಾಜಾಶ್ರಯ, ತಾಲೀಮು, ವಸ್ತಾದ, ಖುರಾಕು, ಜಾತ್ರೆಯ ಮೈದಾನ, ಇವೆಲ್ಲ ಸೇರಿದ ಪರಂಪರೆಯೊಂದು ಪೈಲವಾನನ ಬೆನ್ನಿಗಿತ್ತು. ಚೌಗುಲೆಯವರ ಬೆನ್ನಿಗೆ ದಾರಿ ಮಾತ್ರ ಇತ್ತು. ಹುಬ್ಬಳ್ಳಿ, ಬೆಳಗಾವಿ, ಸಾಂಗಲಿಗಳ ನಡುವಣ ಈ ನೆಲವು ಅವರ ಅನಂತರ ದೂರದ ಓಟದಲ್ಲಿ ಪರಂಪರೆಯನ್ನು ಬೆಳೆಸದೆ ಹೋದುದಕ್ಕೆ ಕಾರಣವನ್ನು ಜನದ ಶರೀರದಲ್ಲಿ ಹುಡುಕಬೇಕಾಗಿಲ್ಲ.

ಶರೀರವು ಇಂದಿಗೂ ಇದೆ. ನಮ್ಮ ಜಿಲ್ಲೆಯ ಪೂರ್ವಭಾಗದ ಜತ್ತ ತಾಲ್ಲೂಕಿನ ಕನ್ನಡ ಹಳ್ಳಿಗಳಲ್ಲಿ, ಬೆಳಕು ಹರಿಯುವ ಮೊದಲೇ, ಸುಣ್ಣದ ಗೆರೆ ಎಳೆದ ಮಡ್ಡಿಯ ಮೇಲೆ ಹತ್ತಾರು ಹುಡುಗರು ಓಡುತ್ತಿರುವುದನ್ನು ಯಾರಾದರೂ ನೋಡಬಹುದು. ಸೀಟಿ ಹಿಡಿದವನೊಬ್ಬನು ಮೊಬೈಲಿನಲ್ಲಿ ಸೆಕೆಂಡು ಎಣಿಸುತ್ತಿರುತ್ತಾನೆ; ಹುಡುಗರು 1600 ಮೀಟರು ಮುಗಿಸಿ ಮೊಣಕಾಲ ಮೇಲೆ ಕೈಯೂರಿ ನಿಲ್ಲುತ್ತಾರೆ. ಅವರಲ್ಲಿ ಒಬ್ಬನು, ಉಳಿದವರೆಲ್ಲ ಏದುಸಿರು ಬಿಡುತ್ತಿರುವಾಗಲೂ ಉಸಿರಿನ ಲಯ ಕೆಡದೆ, ಇನ್ನೂ ಹತ್ತು ಸುತ್ತು ಹಾಕಬಲ್ಲವನಂತೆ ನಿಂತಿದ್ದುದನ್ನು ಕಂಡು, ಮುಂದೆಯೂ ಓಡಿಸಬಾರದೇಕೆ ಎಂದು ಆ ಸೀಟಿಯವನನ್ನು ಕೇಳಿದೆ. ‘ಮುಂದ ಓಡಿ ಏನ್ ಮಾಡೂದೈತ್ರಿ ಸರ್, ಭರತಿಗೆ ಇಷ್ಟ ಸಾಕ್ರಿ’ ಎಂದನು. ಅವನ ಮಾತಿನಲ್ಲಿ ತಪ್ಪಿಲ್ಲ. ಸೈನ್ಯ, ಪೊಲೀಸು ಭರತಿಯ ಅಳತೆ ಎಲ್ಲಿ ಮುಗಿಯುತ್ತದೆಯೋ ಬಡವನ ಮಗನ ಓಟವೂ ಅಲ್ಲಿಯೇ ಮುಗಿಯುತ್ತದೆ. ನಲವತ್ತೆರಡು ಕಿಲೋಮೀಟರಿನ ಕೊನೆಯಲ್ಲಿ ಅವನಿಗಾಗಿ ಯಾರೂ ಕಾದು ನಿಂತಿಲ್ಲ.

ಒಂದು ದಿನದ ಮಟ್ಟಿಗೆ ಚೌಗುಲೆಯವರಿಗಾಗಿ ಕಾದು ನಿಂತವರಿದ್ದರು, ದಾರಿಯನ್ನು ಅಳೆದಿದ್ದರು, ಕಾಲವನ್ನು ಬರೆದಿಟ್ಟರು. ಆದುದರಿಂದಲೇ ನೂರು ವರ್ಷ ಕಳೆದರೂ ಅವರ ಓಟವನ್ನು ನಾವು ವಿಮರ್ಶಿಸಬಲ್ಲೆವು. ಮತ್ತು ವಿಮರ್ಶಿಸಿದಾಗ ಅದು ಭಾರತದ ದೀರ್ಘದೂರದ ಓಟಗಳಲ್ಲಿ ಪ್ರಥಮ ಶ್ರೇಣಿಗೆ ಸೇರತಕ್ಕುದೆಂದು ತಿಳಿಯುತ್ತದೆ. ಸಾಂಗಲಿ, ಮಿರಜ, ಜತ್ತ, ಬೆಳಗಾವಿಗಳಲ್ಲಿ ಜಾತ್ರೆಗೂ ಜಯಂತಿಗೂ ಓಟದ ಸ್ಪರ್ಧೆಗಳನ್ನು ಏರ್ಪಡಿಸುವ ಮಹನೀಯರಲ್ಲಿ ನನ್ನ ಪ್ರಾರ್ಥನೆ ಇಷ್ಟೆ: ವರ್ಷಕ್ಕೊಂದಾದರೂ ದೂರದ ಓಟವನ್ನು ಆಗಸ್ಟ್ 22ರಂದು ಫಡೆಪ್ಪ ಚೌಗುಲೆಯವರ ಹೆಸರಿನಲ್ಲಿ ನಡೆಸಿರಿ, ದಾರಿಯನ್ನು ಸರಿಯಾಗಿ ಅಳೆಯಿರಿ, ಮೊದಲು ಬಂದವನದಷ್ಟೇ ಅಲ್ಲದೆ, ಪೂರೈಸಿದ ಪ್ರತಿಯೊಬ್ಬನ ಹೆಸರನ್ನೂ ಕಾಲವನ್ನೂ ಪುಸ್ತಕದಲ್ಲಿ ಬರೆದು, ಆ ಪುಸ್ತಕವನ್ನು ಊರಿನ ವಾಚನಾಲಯದಲ್ಲಿ ಇಡಿರಿ.