ಫಲಕದ ನೆನಪು: ಸೋಮನಾಥ ಹೋರ್, ಕೃಷ್ಣಾ ರೆಡ್ಡಿ ಮತ್ತು ಜರೀನಾ ಅವರ ಮುದ್ರಣಚಿತ್ರಗಳು

ಭಾರತೀಯ ಆಧುನಿಕ ಕಲೆಯ ಚರಿತ್ರೆಯು ಬಹುಮಟ್ಟಿಗೆ ವರ್ಣಚಿತ್ರಗಳ ಚರಿತ್ರೆಯಾಗಿಯೇ ರಚಿತವಾಗಿದೆ. ರೇಖಾಚಿತ್ರವನ್ನು ವರ್ಣಚಿತ್ರದ ಪೂರ್ವಸಿದ್ಧತೆಯೆಂದೂ ಮುದ್ರಣಚಿತ್ರವನ್ನು ಹಲವು ಪ್ರತಿಗಳನ್ನು ತೆಗೆಯುವ ಕೌಶಲವೆಂದೂ ಭಾವಿಸುವ ರೂಢಿ ಇನ್ನೂ ಪೂರ್ತಿಯಾಗಿ ಅಳಿದಿಲ್ಲ. ಇದರ ಪರಿಣಾಮವಾಗಿ ಗ್ರಾಫಿಕ್ ಕಲಾವಿದರ ಕುರಿತ ಬರಹಗಳು ಒಂದೋ ತಂತ್ರದ ವಿವರಣೆಯಾಗುತ್ತವೆ, ಇಲ್ಲವೇ ಜೀವನಚರಿತ್ರೆಯ ಸಂಗ್ರಹವಾಗುತ್ತವೆ. ಇವೆರಡರ ನಡುವೆ, ಫಲಕದ ಮೇಲೆ ಗೆರೆಯು ಪಡೆಯುವ ಅರ್ಥವು ವಿಮರ್ಶೆಯ ಕಣ್ಣಿಗೆ ಬೀಳದೆ ಹೋಗುತ್ತದೆ. ಸೋಮನಾಥ ಹೋರ್, ಕೃಷ್ಣಾ ರೆಡ್ಡಿ ಮತ್ತು ಜರೀನಾ ಹಶ್ಮಿ ಈ ಮೂವರ ಕಲಾಜೀವನವನ್ನು ಒಟ್ಟಿಗಿಟ್ಟು ನೋಡಿದಾಗ ಈ ಕೊರತೆಯ ಸ್ವರೂಪ ಸ್ಪಷ್ಟವಾಗುತ್ತದೆ.

1921ರಲ್ಲಿ ಚಿತ್ತಗಾಂಗ್‌ನಲ್ಲಿ ಜನಿಸಿದ ಸೋಮನಾಥ ಹೋರ್ ಅವರ ಕಲಾಜೀವನ ಆರಂಭವಾದದ್ದು 1943ರ ಬಂಗಾಳದ ಕ್ಷಾಮದ ನಡುವೆ. ಹಸಿದವರನ್ನೂ ಸತ್ತವರನ್ನೂ ಕಣ್ಣೆದುರಿಗಿಟ್ಟುಕೊಂಡು ಅವರು ಬರೆದ ರೇಖಾಚಿತ್ರಗಳು ಕಮ್ಯುನಿಸ್ಟ್ ಪಕ್ಷದ 'ಜನಯುದ್ಧ' ಪತ್ರಿಕೆಯಲ್ಲಿ ಪ್ರಕಟವಾದವು. 1946ರಲ್ಲಿ ತೇಭಾಗಾ ರೈತ ಚಳವಳಿಯನ್ನು ಕಾಣಲು ಹೋದಾಗಲೂ ಚಿತ್ರ ಮತ್ತು ದಿನಚರಿ ಜೊತೆಜೊತೆಯಾಗಿ ಸಾಗಿದವು. ಈ ಹಂತದಲ್ಲಿ ಗೆರೆಯ ಕೆಲಸ ಸಾಕ್ಷಿ ನುಡಿಯುವುದು. ಮರದಚ್ಚು ಆ ಸಾಕ್ಷಿಯನ್ನು ಹಲವರಿಗೆ ತಲುಪಿಸುವ ಸಾಧನ. ಮುಂದೆ ದೆಹಲಿಯಲ್ಲಿ, ಆನಂತರ ಶಾಂತಿನಿಕೇತನದ ಕಲಾಭವನದಲ್ಲಿ ಬೋಧಿಸುತ್ತ ಅವರು ಮಾಧ್ಯಮವನ್ನೇ ಪ್ರಶ್ನಿಸತೊಡಗಿದರು. 1970ರ ದಶಕದ ಆರಂಭದ 'ಗಾಯಗಳು' ಮಾಲಿಕೆಯಲ್ಲಿ ಮನುಷ್ಯಾಕೃತಿ ಬಹುಪಾಲು ಮರೆಯಾಗಿದೆ. ಜೇಡಿ ಅಥವಾ ಮೇಣದ ಹಾಳೆಯನ್ನು ಕೊಯ್ದು, ಚುಚ್ಚಿ, ಅದರಿಂದ ಸಿಮೆಂಟಿನ ಅಚ್ಚು ತೆಗೆದು, ಆ ಅಚ್ಚಿನ ಮೇಲೆ ಕಾಗದದ ತಿರುಳನ್ನು ಒತ್ತಿ ಮಾಡಿದ ಬಿಳಿಯ ಮೇಲಿನ ಬಿಳಿಯ ಚಿತ್ರಗಳಿವು. ಇಲ್ಲಿ ಗಾಯವನ್ನು ಚಿತ್ರಿಸಿಲ್ಲ. ಕಾಗದವೇ ಗಾಯಗೊಂಡ ಚರ್ಮವಾಗಿದೆ.

ಆದರೂ ಒಂದು ಸಂದೇಹಕ್ಕೆ ಎಡೆಯಿದೆ. ಕ್ಷಾಮದ ನಿರ್ದಿಷ್ಟ ಮುಖಗಳು ಕಳಚಿಹೋಗಿ ಉಳಿದ ಈ ಬಿಳುಪು ನೋವನ್ನು ಸುಂದರವಾಗಿಸಿಬಿಡುವುದಿಲ್ಲವೇ? 1970ರ ದಶಕದಲ್ಲಿಯೇ ಹೋರ್ ಕಂಚಿನ ಶಿಲ್ಪದತ್ತ ತಿರುಗಿ, ಬಡಕಲು ದೇಹವನ್ನು ಮತ್ತೆ ಕೈಗೆತ್ತಿಕೊಂಡದ್ದು ಈ ಪ್ರಶ್ನೆ ಅವರ ಕೃತಿಗಳೊಳಗೇ ಇತ್ತೆಂಬುದನ್ನು ಸೂಚಿಸುತ್ತದೆ. 2006ರಲ್ಲಿ ಅವರು ನಿಧನರಾಗುವವರೆಗೂ ಗಾಯವೇ ಅವರ ಕೃತಿಗಳ ಮೂಲವಸ್ತುವಾಗಿ ಉಳಿಯಿತು.

ಕೃಷ್ಣಾ ರೆಡ್ಡಿ (1925–2018) ಅವರದು ಭಿನ್ನವಾದ ಹಾದಿ. ಚಿತ್ತೂರು ಸೀಮೆಯಲ್ಲಿ ಹುಟ್ಟಿ, ಶಾಂತಿನಿಕೇತನದಲ್ಲಿ ನಂದಲಾಲ್ ಬೋಸ್ ಅವರ ಶಿಷ್ಯರಾಗಿ, ಲಂಡನ್ ಮತ್ತು ಪ್ಯಾರಿಸ್‌ಗಳಲ್ಲಿ ಶಿಲ್ಪಕಲೆಯನ್ನು ಅಭ್ಯಸಿಸಿದ ಅವರು ಪ್ಯಾರಿಸ್‌ನಲ್ಲಿ ಸ್ಟ್ಯಾನ್ಲಿ ವಿಲಿಯಂ ಹೇಟರ್ ಅವರ 'ಅಟೆಲಿಯೆ 17' ಕಾರ್ಯಾಗಾರವನ್ನು ಸೇರಿದರು. ಅಲ್ಲಿ ರೂಪುಗೊಂಡ ಸ್ನಿಗ್ಧತಾ ಮುದ್ರಣ ವಿಧಾನದೊಂದಿಗೆ ಅವರ ಹೆಸರು ಬೆಸೆದುಕೊಂಡಿದೆ. ಲೋಹದ ಫಲಕವನ್ನು ಬೇರೆಬೇರೆ ಆಳಗಳಿಗೆ ಕೊರೆಯಲಾಗುತ್ತದೆ. ಗಟ್ಟಿ ರೋಲರು ಮೇಲಿನ ಮಟ್ಟವನ್ನಷ್ಟೇ ಮುಟ್ಟಿದರೆ ಮೆದು ರೋಲರು ತಗ್ಗಿಗೂ ಇಳಿಯುತ್ತದೆ. ಎಣ್ಣೆ ಹೆಚ್ಚಿರುವ ಶಾಯಿ ತನ್ನ ಮೇಲೆ ಬರುವ ಗಟ್ಟಿ ಶಾಯಿಯನ್ನು ತಡೆಯುವುದರಿಂದ ಒಂದೇ ಫಲಕದಲ್ಲಿ, ಒಂದೇ ಒತ್ತಿನಲ್ಲಿ ಹಲವು ಬಣ್ಣಗಳು ಮೂಡುತ್ತವೆ.

ರೆಡ್ಡಿಯವರ ಬಗೆಗಿನ ಚರ್ಚೆ ಹೆಚ್ಚಾಗಿ ಈ ತಂತ್ರದಲ್ಲಿಯೇ ನಿಂತುಬಿಡುತ್ತದೆ. ಆದರೆ 1963ರ 'ಸುಳಿ' ಎಂಬ ಕೃತಿಯಲ್ಲಿ ತಂತ್ರವು ಅರ್ಥದಿಂದ ಬೇರೆಯಲ್ಲ. ಶಿಲ್ಪಿಯ ಕೈ ಕೆತ್ತಿದ ತಗ್ಗು ದಿಣ್ಣೆಗಳ ನಡುವೆ ಬಣ್ಣಗಳು ತಾವೇ ದಾರಿ ಹುಡುಕಿಕೊಳ್ಳುತ್ತವೆ. ನೀರಿನ ಸುಳಿಯನ್ನು ನಿರೂಪಿಸುವ ಬದಲು ಫಲಕವೇ ನೀರಿನಂತೆ ವರ್ತಿಸುತ್ತದೆ. 1968ರ 'ಪ್ರತಿಭಟನಾಕಾರರು' ಕೃತಿಯಲ್ಲಿ ಇದೇ ಭಾಷೆ ಜನಸಮೂಹವನ್ನು ಎದುರಿಸಿತು. ಹೋರ್ ಅವರಿಗೆ ಫಲಕವು ಏಟು ತಿನ್ನುವ ದೇಹವಾದರೆ ರೆಡ್ಡಿಯವರಿಗೆ ಅದು ಶಕ್ತಿಗಳು ಹರಿಯುವ ನೆಲ.

1937ರಲ್ಲಿ ಅಲಿಗಢದಲ್ಲಿ ಜನಿಸಿದ ಜರೀನಾ ಗಣಿತದ ಪದವೀಧರೆ. 1960ರ ದಶಕದಲ್ಲಿ ಅವರೂ ಹೇಟರ್ ಅವರ ಕಾರ್ಯಾಗಾರದಲ್ಲಿ ಕಲಿತರು. ಆದರೆ ಅಲ್ಲಿನ ವರ್ಣವೈಭವವನ್ನು ಬದಿಗಿರಿಸಿ ಮರದಚ್ಚಿನ ಕಪ್ಪು ಬಿಳುಪನ್ನು ಆಯ್ದುಕೊಂಡರು. 1999ರ 'ಮನೆಯೆಂಬುದು ಪರದೇಶ' ಮಾಲಿಕೆಯ 36 ಮರದಚ್ಚುಗಳಲ್ಲಿ ಪ್ರತಿಯೊಂದೂ ಒಂದು ಉರ್ದು ಪದವನ್ನು ಆಧರಿಸಿದೆ. 2001ರ 'ವಿಭಜಕ ರೇಖೆ'ಯಲ್ಲಿ ಭಾರತ ಪಾಕಿಸ್ತಾನಗಳ ಗಡಿ ಒಂದೇ ಕಪ್ಪು ಗೆರೆಯಾಗಿ ಹಾಳೆಯನ್ನು ಸೀಳುತ್ತದೆ. ಮರದಚ್ಚಿನಲ್ಲಿ ಗೆರೆ ಉಳಿಯಬೇಕಾದರೆ ಸುತ್ತಲಿನ ಮರವನ್ನು ಕೆತ್ತಿ ತೆಗೆಯಬೇಕು. ಗಡಿಯೊಂದು ನಿಲ್ಲಲು ಅದರ ಎರಡೂ ಬದಿಯ ನೆಲ ಹೋಗಬೇಕಾಯಿತು ಎಂಬ ಮಾತನ್ನು ಇಲ್ಲಿ ಮಾಧ್ಯಮವೇ ಆಡುತ್ತದೆ. ಈ ಕೃತಿಯನ್ನು ಕೇವಲ ದೇಶವಿಭಜನೆಯ ಆತ್ಮಕಥನವಾಗಿ ಓದುವವರು ಉಳಿಯ ಕೆಲಸವನ್ನು ಓದುವುದೇ ಇಲ್ಲ.

ಒಂದು ಹೋಲಿಕೆ ಈ ವಾದವನ್ನು ಇನ್ನಷ್ಟು ಪುಷ್ಟಿಗೊಳಿಸುತ್ತದೆ. 'ಗಾಯಗಳು' ಮಾಲಿಕೆಗೆ ಕೆಲವೇ ವರ್ಷಗಳ ತರುವಾಯ, 1975–77ರ ಅವಧಿಯಲ್ಲಿ, ಜರೀನಾ ಕೂಡ ಬಿಳಿಯ ಕಾಗದವನ್ನು ಸೂಜಿಯಿಂದ ಚುಚ್ಚಿ, ಶಾಯಿಯಿಲ್ಲದ ರೇಖಾಚಿತ್ರಗಳನ್ನು ರಚಿಸಿದರು. ಇಬ್ಬರಲ್ಲೂ ಬಿಳುಪಿದೆ, ಚುಚ್ಚುವಿಕೆಯಿದೆ. ಆದರೆ ಹೋರ್ ಅವರಲ್ಲಿ ಕಾಗದವು ಹಿಂಸೆಯ ಗುರುತನ್ನು ಹೊತ್ತಿದ್ದರೆ ಜರೀನಾ ಅವರಲ್ಲಿ ಅದು ಎಣಿಕೆ, ಲಯ ಮತ್ತು ಸಂಯಮದ ಕ್ಷೇತ್ರ. ತಂತ್ರ ಒಂದೇ ಆದಾಗಲೂ ಅರ್ಥ ಬೇರೆಯಾಗುವುದಾದರೆ ತಂತ್ರದ ವಿವರಣೆ ವಿಮರ್ಶೆಗೆ ಸಾಲದು. ಹಾಗೆಯೇ ಕ್ಷಾಮ, ವಿಭಜನೆ, ವಲಸೆಗಳ ಕಥನವೂ ಕೃತಿಯ ಪರ್ಯಾಯವಾಗಲಾರದು.

2020ರಲ್ಲಿ ಜರೀನಾ ಅವರ ನಿಧನದೊಂದಿಗೆ ಈ ಮೂವರ ಕಲಾಜೀವನವೂ ಪೂರ್ಣಗೊಂಡಿದೆ. ಅವರನ್ನು ಓದುವ ಕೆಲಸ ಮುಗಿದಿಲ್ಲ. ಮುದ್ರಣಚಿತ್ರದ ಜನ್ಮಸ್ಥಾನ ಗೋಡೆಯ ಮೇಲಿನ ಅಂತಿಮ ಪ್ರತಿಯಲ್ಲ. ಕೊರೆದ ಫಲಕ, ನಡುಹಂತದ ಪರೀಕ್ಷಾ ಪ್ರತಿ, ತಿರಸ್ಕೃತವಾದ ಒತ್ತು ಇವುಗಳಲ್ಲಿ ಕಲಾವಿದರ ಚಿಂತನೆಯ ಹೆಜ್ಜೆಗಳಿರುತ್ತವೆ. ಸಂಗ್ರಹಾಲಯಗಳು ಅಂತಿಮ ಪ್ರತಿಯನ್ನಷ್ಟೇ ಕಾಪಾಡಿ ಉಳಿದವನ್ನು ಗುಜರಿಗೆ ಬಿಟ್ಟರೆ ಕೈತಪ್ಪುವುದು ಹಳೆಯ ಲೋಹವಲ್ಲ, ವಿಮರ್ಶೆಯ ಮೂಲ ಆಕರ. ಫಲಕದ ನೆನಪನ್ನು ಉಳಿಸಿಕೊಂಡಾಗ ಮಾತ್ರ ಗೆರೆಯನ್ನು ಅದರ ಹುಟ್ಟಿನಿಂದ ಓದುವುದು ಸಾಧ್ಯವಾಗುತ್ತದೆ.