ಕಡಕೊಳ ದಾಟಿದ ಮೇಲೆ ಉರಿಯುವ ಕಾಲು

ಮೈಸೂರಿನ ಸೈಕಲ್ ಸವಾರರಿಗೆ ದಾರಿಗಳ ಬರವಿಲ್ಲ. ಆದರೆ ಪಾದದ ನಿಜಬಣ್ಣ ಬಯಲು ಮಾಡುವುದು, ನನ್ನ ಪ್ರಕಾರ, ಒಂದೇ ಸುತ್ತು: ಕಡಕೊಳ ದಾಟಿ ನಂಜನಗೂಡು, ಅಲ್ಲಿಂದ ಸುತ್ತೂರಿನ ಮೇಲೆ ತಿ. ನರಸೀಪುರ, ಮತ್ತೆ ಮೈಸೂರು. ಹೇಳಿಕೊಳ್ಳುವಂಥ ಏರಿಲ್ಲ. ತೊಂದರೆ ಇರುವುದೇ ಅಲ್ಲಿ. ಚಾಮುಂಡಿ ಬೆಟ್ಟ ಹತ್ತುವಾಗ ಆಗಾಗ ಎದ್ದು ನಿಂತು ತುಳಿಯುತ್ತೇವೆ, ಇಳಿಯುವಾಗ ಕಾಲಿಗೆ ಪೂರ್ತಿ ಬಿಡುವು. ಗದ್ದೆ ಬಯಲಿನ ಮಟ್ಟಸ ರಸ್ತೆಯಲ್ಲಿ ಆ ಭಾಗ್ಯವಿಲ್ಲ. ನಿಮಿಷಕ್ಕೆ 80 ಸುತ್ತು ತುಳಿಯುವವರ ಒಂದೊಂದು ಪಾದವೂ ಗಂಟೆಗೆ 4,800 ಸಲ ಅದೇ ಜಾಗದಲ್ಲಿ ಒತ್ತಿಸಿಕೊಳ್ಳುತ್ತದೆ.

ಮೊದಲು ಬೆರಳುಗಳಿಗೆ ಜೋಮು ಹಿಡಿಯುತ್ತದೆ. ಆಮೇಲೆ ಅಂಗಾಲಿನ ಮುಂಭಾಗದಲ್ಲಿ ಕೆಂಡ ತುಳಿದ ಹಾಗೆ ಉರಿ. ಬೆರಳುಗಳ ಬುಡದಲ್ಲಿ ಸಾಲಾಗಿರುವ ಮೂಳೆಗಳ ನಡುವೆ ಸಣ್ಣ ನರಗಳು ಹಾದುಹೋಗುತ್ತವೆ. ಪೆಡಲಿನ ಒತ್ತಡ ಕೆಳಗಿನಿಂದ, ಬಿಗಿದ ಶೂ ಪಕ್ಕದಿಂದ. ನಡುವೆ ಸಿಕ್ಕಿಬೀಳುವುದು ಆ ನರ. ಅದರಲ್ಲೂ ಮೂರನೆಯ ಮತ್ತು ನಾಲ್ಕನೆಯ ಬೆರಳಿನ ನಡುವಿನದಕ್ಕೆ ಕಷ್ಟ ಜಾಸ್ತಿ. ಅಲ್ಲಿ ನರದ ಸುತ್ತ ದಪ್ಪಗಟ್ಟಿ ನೋವು ನಿಂತುಬಿಟ್ಟರೆ ಅದು ಮಾರ್ಟನ್ಸ್ ನ್ಯೂರೋಮಾ. 1876ರಲ್ಲಿ ಆ ನೋವನ್ನು ವಿವರಿಸಿದ ಅಮೆರಿಕದ ಶಸ್ತ್ರವೈದ್ಯ ಥಾಮಸ್ ಮಾರ್ಟನ್ ಹೆಸರು ಅದಕ್ಕೆ ಅಂಟಿಕೊಂಡಿದೆ. ನಂಜನಗೂಡಿನ ದೊಡ್ಡ ಜಾತ್ರೆಯ ಹೊತ್ತಿನ ಬೇಸಿಗೆ ಬಿಸಿಲಿನಲ್ಲಂತೂ ಪಾದವೇ ಊದುತ್ತದೆ. ಬೆಳಿಗ್ಗೆ ಆರಕ್ಕೆ ಸರಿಯಿದ್ದ ಶೂ ಹತ್ತರ ಹೊತ್ತಿಗೆ ಅರ್ಧ ಸೈಜು ಚಿಕ್ಕದಾಗಿರುತ್ತದೆ.

ಈಗ ಅದೇ ರಸ್ತೆಯಲ್ಲಿ ಹುಲ್ಲಿನ ಹೊರೆ ಕಟ್ಟಿಕೊಂಡು ಅಟ್ಲಾಸ್ ಸೈಕಲ್ಲಿನಲ್ಲಿ ಹೋಗುವ ಯಜಮಾನರ ಕಾಲು ನೋಡಿ. ಹವಾಯಿ ಚಪ್ಪಲಿ, ಸವೆದ ರಬ್ಬರ್ ಪೆಡಲ್. ಪೆಡಲ್ ಇರುವುದು ಬೆರಳ ಬುಡದಲ್ಲಲ್ಲ, ಪಾದದ ನಟ್ಟನಡುವೆ, ಹಿಮ್ಮಡಿಯ ಕಡೆಗೇ ಒಂದಿಷ್ಟು ಸರಿದು. ನಮ್ಮ ತರಬೇತುದಾರರು ಇದನ್ನು ಅನಾಡಿತನ ಎಂದು ತಿದ್ದುತ್ತಲೇ ಬಂದರು. ಈಚೆಗೆ 200, 300 ಕಿಲೋಮೀಟರಿನ ಬ್ರೆವೆ ಎಂಬ ದೂರದ ಸವಾರಿ ಮಾಡುವ ಅನೇಕರು ಶೂವನ್ನು ಪೆಡಲಿಗೆ ಸಿಕ್ಕಿಸುವ ತಳದ ಕ್ಲೀಟನ್ನು ಹಿಂದಕ್ಕೆ ಸರಿಸುತ್ತಾ ಸರಿಸುತ್ತಾ ಯಜಮಾನರ ಹತ್ತಿರ ಹತ್ತಿರಕ್ಕೇ ಬರುತ್ತಿದ್ದಾರೆ! ಒತ್ತಡ ಬೆರಳ ಬುಡದಿಂದ ಹಿಂದಕ್ಕೆ ಹಂಚಿಹೋಗುತ್ತದೆ, ಮೀನಖಂಡಕ್ಕೂ ದುಡಿಮೆ ಕಡಿಮೆ. ಕೊನೆಯ ಇನ್ನೂರು ಮೀಟರಿಗೆ ಚಿಮ್ಮಬೇಕಾದ ವಿಜಯಪುರ, ಬಾಗಲಕೋಟೆಯ ಟ್ರ್ಯಾಕ್ ಹುಡುಗರಿಗೆ ಇದು ಹೊಂದದು, ಒಪ್ಪುತ್ತೇನೆ. ಇಡೀ ಬೆಳಗು ತುಳಿಯುವ ನಮಗೆ ಯಜಮಾನರೇ ಸರಿ.

ಮಾಡುವುದು ಸುಲಭ. ಕ್ಲೀಟ್ ಈಗಿರುವ ಜಾಗದ ಸುತ್ತ ಪೆನ್ನಿನಲ್ಲಿ ಗೆರೆ ಎಳೆಯಿರಿ. ಶಿಮಾನೋ ಎಸ್‌ಪಿಡಿ ಆದರೆ 4 ಮಿ.ಮೀ. ಅಲೆನ್ ಕೀಲಿಯಿಂದ ಎರಡೂ ಬೋಲ್ಟು ಸಡಿಲಿಸಿ, ಮೂರು ಮಿ.ಮೀ. ಹಿಂದಕ್ಕೆ ತಳ್ಳಿ, ಬಿಗಿ ಮಾಡಿ. ಸೀಟನ್ನೂ ಕೂದಲೆಳೆಯಷ್ಟು ಇಳಿಸಬೇಕಾದೀತು. ಸೀಟು ತೀರಾ ಎತ್ತರವಿದ್ದು ತುದಿಗಾಲಲ್ಲಿ ತುಳಿಯುವವರಿಗೆ ಹಿಮ್ಮಡಿಯ ಮೇಲಿನ ಅಕಿಲಿಸ್ ಸ್ನಾಯುರಜ್ಜು ಹಿಡಿದುಕೊಳ್ಳುವುದುಂಟು; ಅದಕ್ಕೂ ಇದೇ ಮದ್ದು. ಕ್ಲೀಟ್ ಇಲ್ಲದವರು ಅಗಲ ಪೆಡಲ್ ಹಾಕಿಸಿಕೊಂಡು, ಬಗ್ಗದ ತಳದ ಶೂ ತೊಟ್ಟರೆ ಸಾಕು.

ಓಟಗಾರರ ಕಥೆ ಬೇರೆ. ಹಾಸಿಗೆಯಿಂದ ಇಳಿದು ಇಟ್ಟ ಮೊದಲ ಹೆಜ್ಜೆಗೇ ಹಿಮ್ಮಡಿ ಚುಚ್ಚಿದರೆ ಅದು ಹೆಚ್ಚಾಗಿ ಪ್ಲಾಂಟಾರ್ ಫ್ಯಾಸಿಯೈಟಿಸ್, ಅಂದರೆ ಅಂಗಾಲಿನ ತಂತುಪಟ್ಟಿಯ ನೋವು. ಪಾದದ ಮೂಳೆಯ ಒಂದೇ ಬಿಂದುವನ್ನು ಬೆರಳಲ್ಲಿ ಒತ್ತಿದಾಗ ಜೀವ ಹೋದಂತಾದರೆ ಓಟ ನಿಲ್ಲಿಸಿ ಮೂಳೆ ವೈದ್ಯರನ್ನು ಕಾಣಬೇಕು. ಅದು ಮೂಳೆಯ ಸೂಕ್ಷ್ಮ ಬಿರುಕಾಗಿರಬಹುದು; ಅಂಥದ್ದು ಮೊದಲೆರಡು ವಾರ ಎಕ್ಸ್‌ರೇಯಲ್ಲಿ ಕಾಣದೆಯೂ ಇರಬಹುದು. ಸೈಕಲ್ ಮುಟ್ಟದ ದಿನವೂ ಪಾದ ಜೋಮು ಹಿಡಿಯುತ್ತಿದ್ದರೆ ಕ್ಲೀಟನ್ನು ಬಿಟ್ಟು ಸಕ್ಕರೆ ಪರೀಕ್ಷೆ ಮಾಡಿಸಿ.

ಶೂ ಕೊಳ್ಳಲು ಮಾತ್ರ ಸಂಜೆ ಹೋಗಿ. ದಿನವಿಡೀ ಓಡಾಡಿ ಪಾದ ಊದಿರುವಾಗ, ಸವಾರಿಯ ಕಾಲುಚೀಲ ಹಾಕಿಕೊಂಡೇ ತೊಟ್ಟು ನೋಡಿ. ಅಂಗಡಿಯವರು ‘ಹಾಕ್ತಾ ಹಾಕ್ತಾ ಲೂಸ್ ಆಗುತ್ತೆ ಸಾರ್’ ಎಂದರೆ ಪಕ್ಕದ ಅಂಗಡಿಗೆ ನಡೆಯಿರಿ. ಕಾರ್ಬನ್ ತಳ ಹಿಗ್ಗುವುದಿಲ್ಲ.