ಕಾರ್ಸಿನಾಲಜಿ: ಪದದ ಬೇರು ಮತ್ತು ಪದದ ಅರ್ಥ

ಕಾರ್ಸಿನೋಜೆನ್ ಎಂದರೆ ಕ್ಯಾನ್ಸರ್‌ಕಾರಕ ವಸ್ತು. ಹಾಗಾದರೆ ಕಾರ್ಸಿನಾಲಜಿ ಎಂದರೆ ಕ್ಯಾನ್ಸರಿನ ಅಧ್ಯಯನವೇ? ವಿದ್ಯಾರ್ಥಿಗಳು ಹೀಗೆ ಊಹಿಸುವುದು ಸಹಜ, ಆದರೆ ಅದು ತಪ್ಪು. ಏಡಿ, ಸೀಗಡಿ ಮುಂತಾದ ಕಠಿಣಚರ್ಮಿಗಳನ್ನು ಕುರಿತ ಪ್ರಾಣಿವಿಜ್ಞಾನದ ಶಾಖೆ ಅದು. ಕ್ಯಾನ್ಸರಿನ ಅಧ್ಯಯನಕ್ಕೆ ಆಂಕಾಲಜಿ ಎಂದು ಹೆಸರು.

ಗೊಂದಲದ ಮೂಲ ಗ್ರೀಕ್ ಭಾಷೆಯ ‘ಕಾರ್ಕಿನೋಸ್’, ಅಂದರೆ ಏಡಿ. ಹಿಪ್ಪೊಕ್ರೇಟಿಸನ ಹೆಸರಿನಲ್ಲಿರುವ ವೈದ್ಯಗ್ರಂಥಗಳು ಇದೇ ಪದವನ್ನು ಕೆಲವು ಗಂತಿಗಳಿಗೂ ಬಳಸಿದವು. ಲ್ಯಾಟಿನ್‌ನಲ್ಲಿ ಏಡಿಗೆ ‘ಕ್ಯಾನ್ಸರ್’ ಎಂಬ ಪದವಿತ್ತು. ರೋಗಕ್ಕೂ ಅದೇ ನಿಂತಿತು. ನಮ್ಮ ಕರ್ಕಾಟಕ ರಾಶಿಯ ಹೆಸರಿನಲ್ಲಿರುವುದೂ ಏಡಿಯೇ. ಸಂಸ್ಕೃತದ ‘ಕರ್ಕಟ’ವನ್ನು ಈ ಪದಗಳ ಸೋದರಪದವೆಂದು ಭಾಷಾವಿಜ್ಞಾನಿಗಳು ಪರಿಗಣಿಸುತ್ತಾರೆ. ಸೋದರಪದವೆಂದರೆ ತಾಯಿಪದವಲ್ಲ, ಗ್ರೀಕರು ಅದನ್ನು ಸಂಸ್ಕೃತದಿಂದ ಪಡೆದರೆಂದು ಪಾಠ ಹೇಳುವುದು ಸರಿಯಲ್ಲ.

ಇಷ್ಟು ತಿಳಿದರೆ ಪದದ ಬೇರು ತಿಳಿದಂತಾಯಿತು, ವಿಷಯವಲ್ಲ. ವ್ಯುತ್ಪತ್ತಿಯನ್ನೇ ವ್ಯಾಖ್ಯೆಯೆಂದು ಬರೆಸುವ ನಮ್ಮ ರೂಢಿಯ ಬಗೆಗೇ ನನ್ನ ಆಕ್ಷೇಪ. ‘ಏಡಿಶಾಸ್ತ್ರ’ ಎಂದು ಬಾಯಿಪಾಠ ಮಾಡಿದ ವಿದ್ಯಾರ್ಥಿ ಮಾನ್ವಿಯ ಭತ್ತದ ಗದ್ದೆಯ ಬದುವಿನಲ್ಲಿ ಬಿಲ ತೋಡುವ ಏಡಿಯನ್ನು ಗುರುತಿಸಿಯಾನು. ದೇವದುರ್ಗದ ಒಂದು ಬಾವಿಯ ನೀರಿನಲ್ಲಿ ಸುಮಾರು ಒಂದು ಮಿಲಿಮೀಟರ್ ಉದ್ದದ ಸೈಕ್ಲಾಪ್ಸ್ ಈಜುತ್ತಿದ್ದರೆ ಅದೂ ಕಠಿಣಚರ್ಮಿಯೆಂದು ಅವನಿಗೆ ಹೊಳೆಯದು.

ಆದರೆ ಈ ಭಾಗದ ಜನರನ್ನು ಕಾಡಿದ್ದು ಏಡಿಯಲ್ಲ, ಸೈಕ್ಲಾಪ್ಸ್. ರಾಯಚೂರು ಸೇರಿದಂತೆ ಉತ್ತರ ಕರ್ನಾಟಕದ ಜಿಲ್ಲೆಗಳಲ್ಲಿದ್ದ ನಾರುಹುಣ್ಣಿನ ಮರಿಹುಳುಗಳು ಬೆಳೆಯುತ್ತಿದ್ದುದು ಅದರ ಒಡಲಲ್ಲಿ. ಮೆಟ್ಟಿಲುಬಾವಿಗೆ ಇಳಿದ ರೋಗಿಯ ಹುಣ್ಣಿನಿಂದ ಮರಿಗಳು ನೀರು ಸೇರುತ್ತಿದ್ದವು. ಸೈಕ್ಲಾಪ್ಸ್ ಅವನ್ನು ನುಂಗುತ್ತಿತ್ತು. ಆ ನೀರು ಕುಡಿದವರಿಗೆ ರೋಗ ಅಂಟುತ್ತಿತ್ತು. ನೀರನ್ನು ಒತ್ತಾದ ಬಟ್ಟೆಯಲ್ಲಿ ಸೋಸಿದರೆ ಈ ಸರಪಳಿ ಕಡಿಯುತ್ತದೆ. ಭಾರತದ ಕೊನೆಯ ಪ್ರಕರಣ 1996ರಲ್ಲಿ ಕಂಡಿತು. 2000ದಲ್ಲಿ ದೇಶ ರೋಗಮುಕ್ತವೆಂದು ಪ್ರಮಾಣಿತವಾಯಿತು.

ಹಾಗಾದರೆ ಕನ್ನಡದ ‘ಕಠಿಣಚರ್ಮಿ’ ದೋಷರಹಿತವೇ? ಅದೂ ಅಲ್ಲ. ಅರಿಸ್ಟಾಟಲ್ ಈ ಗುಂಪಿನ ಏಡಿ, ಸೀಗಡಿಗಳನ್ನೇ ‘ಮೃದುಚಿಪ್ಪಿನವು’ ಎಂದು ಕರೆದಿದ್ದ, ಏಕೆಂದರೆ ಅವನು ಹೋಲಿಸಿದ್ದು ಸಿಂಪಿಯೊಡನೆ. ಭೌತವಿಜ್ಞಾನದಲ್ಲಿ ಕಾಠಿಣ್ಯವನ್ನು ಹೇಳುವಾಗ ಯಾವುದಕ್ಕೆ ಹೋಲಿಸಿ ಎಂದು ಕೇಳುತ್ತೇವೆ. ಇಲ್ಲಿಯೂ ಅದೇ ಪ್ರಶ್ನೆ ಕೇಳಬೇಕು.

‘ಕಠಿಣಚರ್ಮಿ ವಿಜ್ಞಾನ’ ಎಂಬ ಪದವನ್ನೇ ಬಳಸೋಣ. ಏಡಿಯೊಂದಕ್ಕೇ ಅಂಟಿಕೊಳ್ಳದಿರುವುದು ಅದರ ಗುಣ. ಆದರೆ ಹೆಸರಿನ ಜೊತೆಗೆ ಲಕ್ಷಣವನ್ನೂ ಕಲಿಸೋಣ: ಕೀಲುಗಾಲು, ಹೊರಕವಚ, ಎರಡು ಜೊತೆ ಕುಡಿಮೀಸೆ. ಕೀಟಗಳಿಗೆ ಕುಡಿಮೀಸೆ ಒಂದೇ ಜೊತೆ. ಏಡಿಯನ್ನೂ ಸೈಕ್ಲಾಪ್ಸನ್ನೂ ಒಂದೇ ಗುಂಪಿಗೆ ಸೇರಿಸಲು ವಿದ್ಯಾರ್ಥಿಗೆ ನೆರವಾಗುವುದು ಈ ಲಕ್ಷಣಗಳು, ಗ್ರೀಕ್ ಪದದ ಬೇರಲ್ಲ.